ಫೆಮ್ಟೋಸೆಕೆಂಡ್ ಲೇಸರ್ ಕಲಿಬೇಕು ಅನ್ನೋ ನಮ್ ಕಲಬುರಗಿ ಕಡಿ ಹುಡುಗ್ರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಡಿಗ್ರಿ ರಿಸಲ್ಟ್ ಬಂದ ಮ್ಯಾಲ ನನ್ನ ಫೋನಿಗೆ ಅವೇ ಪ್ರಶ್ನೆ ಬರ್ತಾವ. ಸೇಡಂ, ಆಳಂದ, ಶಹಾಪುರ, ಭಾಲ್ಕಿ ಕಡಿ ಹುಡುಗ್ರು ಹುಡುಗ್ಯಾರು ಕೇಳ್ತಾರ, ಅವರ ಅಪ್ಪ ಅವ್ವನೂ ಕೇಳ್ತಾರ. ಒಬ್ಬೊಬ್ಬರಿಗೆ ಹೇಳ್ಕೋತ ಕೂತ್ರ ಕೆಲವರಿಗೆ ಪೂರ್ತಿ ಸಿಗ್ತದ ಕೆಲವರಿಗೆ ಅರ್ಧ ಸಿಗ್ತದ, ಅದಕ್ಕ ಎಲ್ಲಾ ಕೂಡ್ಸಿ ಬರ್ದೀನಿ. ನಾ ಸೇಡಂ ತಾಲೂಕಿನಾಕಿ. ಬಿಎಸ್ಸಿ, ಎಂಎಸ್ಸಿ ಎರಡೂ ಕಲಬುರಗಿಯೊಳಗೇ ಆಯ್ತು, ಪಿಎಚ್‌ಡಿ ಮುಂಬೈದಾಗ, ಆಮ್ಯಾಲ ಜರ್ಮನಿಯೊಳಗ ಮೂರು ವರ್ಷ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮ್ಯಾಲಿನ ಸಂಶೋಧನಾ ಕೆಲಸ), ಈಗ ತಿರುಗಿ ನಮ್ ಕಡಿಗೇ ಬಂದು ಯೂನಿವರ್ಸಿಟಿಯೊಳಗ ಫಿಸಿಕ್ಸ್ ಹೇಳ್ತೀನಿ, ಸಣ್ಣದೊಂದು ಲೇಸರ್ ಲ್ಯಾಬ್ ಕಟ್ಲತ್ತೀನಿ.

ಮೇಡಂ, ನೀವು ಖರೇನ ಏನ್ ಕೆಲಸ ಮಾಡ್ತೀರಿ?

ಭಾಳ ಭಾಳ ಸಣ್ಣ ಹೊತ್ತು ಇರೋ ಬೆಳಕಿನ ಪಲ್ಸ್ ಮಾಡಿ, ಅದರ ಬೆಳಕಿನಾಗ ಅಣು, ಎಲೆಕ್ಟ್ರಾನ್ ಹ್ಯಾಂಗ ಓಡ್ತಾವ ಅಂತ ನೋಡ್ತೀವಿ. ನನ್ನ ಸ್ವಂತ ಕೆಲಸ ಸೋಲಾರ್ ಸೆಲ್‌ಗೆ ಬಳಸೋ ತೆಳ್ಳನ ಫಿಲ್ಮ್‌ಗಳ ಮ್ಯಾಲ. ಬಿಸಿಲು ಬಿತ್ತು, ಎಲೆಕ್ಟ್ರಾನ್ ಎದ್ತು, ಅದು ಕರೆಂಟ್ ಆಗಿ ಹೊರಗ ಬರ್ತದೋ ಇಲ್ಲಾ ಒಳಗೇ ಬಿಸಿಯಾಗಿ ಹೋಗ್ತದೋ ಅನ್ನೋದು ಮೊದಲಿನ ಕೆಲವು ಪಿಕೋಸೆಕೆಂಡಿನ್ಯಾಗ (ಒಂದು ಪಿಕೋಸೆಕೆಂಡ್ ಅಂದ್ರ ಸೆಕೆಂಡಿನ ಲಕ್ಷ ಕೋಟಿ ಪಾಲಿನ್ಯಾಗ ಒಂದು ಪಾಲು) ಭಾಳಷ್ಟು ತೀರ್ಮಾನ ಆಗ್ತದ, ನಾವು ಆ ಹೊತ್ತನ್ನ ನೋಡ್ತೀವಿ.

ಫೆಮ್ಟೋಸೆಕೆಂಡ್ ಅಂದ್ರ ಎಷ್ಟು ಸಣ್ಣದು?

ಒಂದು ಸೆಕೆಂಡನ್ನ ಒಂದರ ಮುಂದ ಹದಿನೈದು ಸೊನ್ನಿ ಇಟ್ಟಷ್ಟು ತುಣುಕು ಮಾಡಿದ್ರ ಅದರಾಗ ಒಂದು ತುಣುಕು. ಹಿಂಗ ಹೇಳಿದ್ರ ಯಾರ ತಲ್ಯಾಗೂ ಕೂಡಂಗಿಲ್ಲ, ನಾ ಕ್ಲಾಸಿನಾಗ ಹೇಳೋದು ಬ್ಯಾರೆ. ಆಳಂದ ಕಡಿ ಎರಿ ಹೊಲದ ಬುಡಕ್ಕ ಕಪ್ಪು ಕಲ್ಲು ಅದಲ್ಲ, ದಖ್ಖನ್ ಲಾವಾ ಹರಿದು ಆರಿ ಆಗಿದ್ದು, ಅದು ಸುಮಾರು 6.6 ಕೋಟಿ ವರ್ಷದ ಹಿಂದಿಂದು. ಈಗ ಒಂದು ಫೆಮ್ಟೋಸೆಕೆಂಡನ್ನ ಎಳೆದು ಒಂದು ಸೆಕೆಂಡ್ ಮಾಡಿದ್ವಿ ಅಂದ್ಕೋರಿ, ಅದೇ ಲೆಕ್ಕದಾಗ ನಮ್ಮ ಖರೇ ಒಂದು ಸೆಕೆಂಡ್ 3 ಕೋಟಿ 17 ಲಕ್ಷ ವರ್ಷ ಆಗ್ತದ. ಅಂದ್ರ ಆ ಲಾವಾ ಹರಿದಾಗಿಂದ ಇವತ್ತಿನ ತನಕ ಎಷ್ಟು ಹೊತ್ತಾಯ್ತೋ ಅದು ಬರೇ ಎರಡು ಸೆಕೆಂಡು. ಇದನ್ನ ಹೇಳಿದಾಗ ಹಿಂದಿನ ಬೆಂಚಿನ ಹುಡುಗ್ರೂ ಒಮ್ಮೆ ಸುಮ್ಮನಾಗ್ತಾರ.

ಇನ್ನೊಂದು ಲೆಕ್ಕ. ಬೆಳಕು ಒಂದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗ್ತದ, ಒಂದು ಫೆಮ್ಟೋಸೆಕೆಂಡಿನ್ಯಾಗ 0.3 ಮೈಕ್ರಾನ್ ಮಾತ್ರ, ಮೈಕ್ರಾನ್ ಅಂದ್ರ ಒಂದು ಮಿಲಿಮೀಟರಿನ ಸಾವಿರದಾಗ ಒಂದು ಪಾಲು. ನಾವು ಬಳಸೋ 30 ಫೆಮ್ಟೋಸೆಕೆಂಡಿನ ಪಲ್ಸ್ ಗಾಳ್ಯಾಗ ಹೋಗುವಾಗ ಅದರ ಉದ್ದ 9 ಮೈಕ್ರಾನ್, ತಲಿ ಕೂದಲಿನ ದಪ್ಪಕ್ಕಿಂತ ಭಾಳ ಕಡಿಮಿ. ಲೇಸರ್ ಅಂದ್ರ ಉದ್ದ ಕೆಂಪು ಗೆರಿ ಅಂತ ಎಲ್ಲರ ಮನಸಿನ್ಯಾಗ ಇರ್ತದ, ನಮ್ಮದು ಗೆರಿ ಅಲ್ಲ, ಹಾಳಿ ಕಿಂತ ತೆಳ್ಳನ ಬೆಳಕಿನ ಬಿಲ್ಲೆಗಳು ಒಂದರ ಹಿಂದ ಒಂದು ಹೊಂಟಿರ್ತಾವ.

ಅಷ್ಟು ಸಣ್ಣ ಟೈಮ್ ಅಳಿಲಿಕ್ಕೆ ಅಂಥಾ ಸ್ಟಾಪ್‌ವಾಚ್ ಎಲ್ಲಿ ಸಿಗ್ತದ?

ಎಲ್ಲೂ ಸಿಗಂಗಿಲ್ಲ. ಯಾವ ಎಲೆಕ್ಟ್ರಾನಿಕ್ಸೂ ಅಷ್ಟು ಜಲ್ದಿ ಇಲ್ಲ. ಈ ಪ್ರಶ್ನೆ ಕೇಳಿದವರಿಗೆ ನಾ ಒಂದು ತಾಸು ಕೂಡ್ಸಿ ಹೇಳ್ತೀನಿ, ಯಾಕಂದ್ರ ಈ ಇಡೀ ವಿಷಯದ ಜೀವ ಇದರಾಗೇ ಅದ.

1878ರಾಗ ಮೈಬ್ರಿಡ್ಜ್ ಅನ್ನೋರು ಓಡೋ ಕುದುರಿ ಫೋಟೋ ತೆಗೆದ್ರು, ಸಾಲಾಗಿ ಕ್ಯಾಮೆರಾ ಇಟ್ಟು, ಕುದುರಿ ನಾಲ್ಕೂ ಕಾಲು ಒಮ್ಮೆ ನೆಲ ಬಿಡ್ತದ ಅಂತ ತೋರ್ಸಿದ್ರು. ಕಣ್ಣಿಗೆ ಕಾಣ್ದೇ ಇರೋ ಓಟ ಫೋಟೋದಾಗ ಯಾಕ ಕಾಣ್ತು ಅಂದ್ರ ಶಟರ್ ಕುದುರಿ ಕಾಲಿಗಿಂತ ಜಲ್ದಿ ಇತ್ತು. ನಮ್ಮಲ್ಲಿ ಕುದುರಿ ಜಾಗದಾಗ ಎಲೆಕ್ಟ್ರಾನ್, ಶಟರ್ ಜಾಗದಾಗ ಪಲ್ಸ್. ಒಂದು ಪಲ್ಸನ್ನ ಎರಡು ಮಾಡ್ತೀವಿ. ಮೊದಲಿಂದು ಹೋಗಿ ಸ್ಯಾಂಪಲ್ಲನ್ನ ಎಬ್ಬಸ್ತದ, ಅದಕ್ಕ ಪಂಪ್ ಅಂತೀವಿ. ಎರಡನೇದು ಸ್ವಲ್ಪ ತಡ ಮಾಡಿ ಹೋಗಿ ಈಗ ಏನಾಗ್ಯದ ಅಂತ ನೋಡ್ಕೊಂಡು ಬರ್ತದ, ಅದು ಪ್ರೋಬ್. ತಡ ಮಾಡೋದು ಹ್ಯಾಂಗ ಅಂದ್ರ ಎರಡನೇದಕ್ಕ ಸ್ವಲ್ಪ ಉದ್ದ ದಾರಿ ಕೊಡೋದು. ಕನ್ನಡಿ ಎರಡು ಒಂದು ಸರಿಯೋ ಸ್ಟೇಜಿನ ಮ್ಯಾಲ ಕೂಡ್ಸಿರ್ತೀವಿ, ಒಂದು ಮೈಕ್ರಾನ್ ಹಿಂದ ಸರಿಸಿದ್ರ ಬೆಳಕು ಹೋಗಿ ಬರಬೇಕಲ್ಲ, ಎರಡು ಮೈಕ್ರಾನ್ ಹೆಚ್ಚಿಗಿ ದಾರಿ, ಅಂದ್ರ 6.7 ಫೆಮ್ಟೋಸೆಕೆಂಡ್ ತಡ. ಹಿಂಗ ಕನ್ನಡಿ ಸರಸ್ಕೋತ ಸರಸ್ಕೋತ ಒಂದೊಂದು ಜಾಗದಾಗ ಸಾವಿರಾರು ಪಲ್ಸ್ ಸರಾಸರಿ ತಗೊಂಡು ಒಂದು ಚುಕ್ಕಿ ಹಾಕ್ತೀವಿ, ಚುಕ್ಕಿ ಕೂಡಿ ಗ್ರಾಫ್ ಆಗ್ತದ. ಅಂದ್ರ ನಾವು ಟೈಮ್ ಅಳಿಯೋದೇ ಇಲ್ಲ, ದೂರ ಅಳೀತೀವಿ, ಬೆಳಕಿನ ವೇಗ ಗೊತ್ತಿರೋದ್ರಿಂದ ಟೈಮ್ ತಾನೇ ಸಿಗ್ತದ. ನನಗ ಎಂಎಸ್ಸಿಯೊಳಗ ಇದು ಮೊದಲ ಸಲ ತಿಳಿದ ದಿನ ರಾತ್ರಿ ನಿದ್ದಿ ಬರ್ಲಿಲ್ಲ, ಇಷ್ಟು ಸರಳ ಅದನಲ್ಲ ಅಂತ.

ಅಂಥಾ ಪಲ್ಸ್ ಹುಟ್ಟೋದಾದ್ರೂ ಹ್ಯಾಂಗ?

ಊರ ಜಾತ್ರ್ಯಾಗ ಲೇಜಿಮ್ ಆಡೋದು ನೋಡೀರಿ. ನೂರು ಮಂದಿ ತಮಗ ತಿಳಿದಂಗ ಬಾರಿಸಿದ್ರ ಬರೇ ಗದ್ದಲ, ಎಲ್ಲರೂ ಒಂದೇ ತಾಳಕ್ಕ ಬಂದ್ರ ಝಣ್ ಅಂತ ಒಂದೇ ಪೆಟ್ಟು, ನಡುವ ಪೂರಾ ಶಾಂತ. ಲೇಸರ್ ಒಳಗ ಲಕ್ಷಗಟ್ಟಲೆ ಬ್ಯಾರೆ ಬ್ಯಾರೆ ಬಣ್ಣದ ಅಲೆ ಇರ್ತಾವ, ಅವನ್ನೆಲ್ಲ ಒಂದೇ ತಾಳಕ್ಕ ತರೋದೇ ಮೋಡ್‌ಲಾಕಿಂಗ್. ಎಷ್ಟು ಹೆಚ್ಚು ಬಣ್ಣ ಕೂಡ್ತಾವೋ ಅಷ್ಟು ಸಣ್ಣ ಪಲ್ಸ್. ಅದಕ್ಕೇ ಟೈಟೇನಿಯಂ ಸಫೈರ್ ಅನ್ನೋ ಹರಳು ಈ ಕ್ಷೇತ್ರದಾಗ ದೇವರಿದ್ದಂಗ, ಭಾಳ ಅಗಲದ ಬಣ್ಣದ ಪಟ್ಟಿ ಕೊಡ್ತದ. 1982ರಾಗ ಪೀಟರ್ ಮೌಲ್ಟನ್ ಅದರಿಂದ ಮೊದಲು ಲೇಸರ್ ಮಾಡಿದ್ರು, 1991ರಾಗ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ದಾಗ ಸಿಬೆಟ್ ಅವರ ಗುಂಪು ಅದು ತಾನೇ ತಾಳಕ್ಕ ಬರ್ತದ ಅಂತ ತೋರ್ಸಿದ್ರು.

ಇನ್ನ ಪಲ್ಸಿಗೆ ಶಕ್ತಿ ತುಂಬೋದು. ನೇರ ತುಂಬಿದ್ರ ಹರಳೇ ಒಡಿತದ. 1985ರಾಗ ಡೋನಾ ಸ್ಟ್ರಿಕ್‌ಲ್ಯಾಂಡ್, ಜೆರಾರ್ಡ್ ಮೂರೂ ಇದಕ್ಕ ದಾರಿ ಕಂಡ್ರು, ಪಲ್ಸನ್ನ ಮೊದಲು ಸಾವಿರಾರು ಪಟ್ಟು ಉದ್ದ ಎಳಿ, ತೆಳ್ಳಗಾದ ಮ್ಯಾಲ ಶಕ್ತಿ ತುಂಬು, ಕಡೀಗಿ ತಿರುಗಿ ಒತ್ತಿ ಸಣ್ಣದು ಮಾಡು. ಅದು ಸ್ಟ್ರಿಕ್‌ಲ್ಯಾಂಡ್ ಅವರ ಮೊದಲ ಪೇಪರು, ಅವರು ಆಗ ಸ್ಟೂಡೆಂಟು, 33 ವರ್ಷ ಆದ ಮ್ಯಾಲ 2018ರಾಗ ಅದಕ್ಕೇ ನೊಬೆಲ್ ಬಂತು.

ಶಕ್ತಿ ಎಷ್ಟು ಅಂತ ಕೇಳ್ತೀರಿ. ನಮ್ಮಂಥ ಆಂಪ್ಲಿಫೈಯರ್ ಒಂದು ಪಲ್ಸಿನ್ಯಾಗ ಒಂದು ಮಿಲಿಜೂಲ್ ಕೊಡ್ತದ, ಹತ್ತು ತೊಗರಿ ಕಾಳನ್ನ ಅರ್ಧ ಗೇಣು ಎತ್ತಲಿಕ್ಕೆ ಅಷ್ಟು ಸಾಕು. ಆದ್ರ ಅಷ್ಟನ್ನ 30 ಫೆಮ್ಟೋಸೆಕೆಂಡಿನ್ಯಾಗ ಕೊಟ್ರ ಆ ಹೊತ್ತಿಗಿ ಪವರ್ ಸುಮಾರು 33 ಗಿಗಾವ್ಯಾಟ್, ರಾಯಚೂರಿನ ಶಕ್ತಿನಗರದ ಥರ್ಮಲ್ ಪ್ಲಾಂಟ್ 1,720 ಮೆಗಾವ್ಯಾಟಿಂದು, ಅಂಥವು ಹತ್ತೊಂಬತ್ತು ಕೂಡಿಸಿದಷ್ಟು.

ಇದರಿಂದ ನಮ್ ಜನಕ್ಕ ಏನ್ ಉಪಯೋಗ?

ಕಣ್ಣಿನ ದವಾಖಾನ್ಯಾಗ ಚಷ್ಮಾ ತೆಗಿಯೋ ಆಪರೇಷನ್ ಮಾಡ್ತಾರಲ್ಲ, ಅದರಾಗ ಕಾರ್ನಿಯಾದ ಪದರ ಕೊಯ್ಲಿಕ್ಕೆ ಫೆಮ್ಟೋಸೆಕೆಂಡ್ ಲೇಸರ್ ಬಳಸ್ತಾರ, ಪಲ್ಸ್ ಎಷ್ಟು ಸಣ್ಣದಂದ್ರ ಸುತ್ತಲಿನ ಮಾಂಸಕ್ಕ ಬಿಸಿ ಹತ್ತೋದ್ರೊಳಗ ಕೊಯ್ದು ಮುಗಿದಿರ್ತದ. ಮೊಬೈಲ್ ಗ್ಲಾಸ್ ಕತ್ತರಿಸೋದು, ಹೃದಯಕ್ಕ ಹಾಕೋ ಸ್ಟೆಂಟ್ ಕೊರಿಯೋದು ಇವೆಲ್ಲ ಅದ. ಆದ್ರ ನಾ ಖರೇ ಹೇಳ್ತೀನಿ, ನಾನು ಇದಕ್ಕ ಬಂದದ್ದು ಉಪಯೋಗ ನೋಡಿ ಅಲ್ಲ. ನಿಮ್ಮ ಕಣ್ಣಿನ ಪರದೆಯೊಳಗ ರೊಡಾಪ್ಸಿನ್ ಅಂತ ಒಂದು ಅಣು ಅದ, ಬೆಳಕು ಬಿದ್ದ ಕೂಡ್ಲೆ ಅದರ ಆಕಾರ ಬದಲಾಗ್ತದ, ಅದಕ್ಕ ಹಿಡಿಯೋ ಹೊತ್ತು 200 ಫೆಮ್ಟೋಸೆಕೆಂಡ್, 1991ರಾಗ ಅಳೆದ್ರು. ಈಗ ಇದನ್ನ ಓದಲತ್ತೀರಲ್ಲ, ನೋಡೋದು ಶುರುವಾಗೋದೇ ಇಂಥಾ ಬದಲಾವಣೆಯಿಂದ. ಇದು ಗೊತ್ತಾದ ಮ್ಯಾಲ ಉಪಯೋಗದ ಪ್ರಶ್ನೆ ನನಗ ಎರಡನೇದಾಯ್ತು.

ನೀವು ಹ್ಯಾಂಗ ಬಂದ್ರಿ ಇದಕ್ಕ? ಮನ್ಯಾಗ ಯಾರರ ಓದಿದವರು ಇದ್ರಾ?

ಇರ್ಲಿಲ್ಲ. ಅಪ್ಪಂದು ಸೇಡಂದಾಗ ಮೋಟಾರ್ ರಿವೈಂಡಿಂಗ್ ಅಂಗಡಿ. ಬಾವಿ ಮೋಟಾರ್ ಸುಟ್ರ ರೈತ್ರು ತಂದು ಹಾಕೋರು, ನಾ ಸಾಲಿ ಬಿಟ್ಟ ಮ್ಯಾಲ ಹೋಗಿ ತಾಮ್ರದ ತಂತಿ ಸುತ್ತು ಎಣಿಸ್ತಿದ್ದೆ. ಲೆಕ್ಕ ತಪ್ಪಿದ್ರ ಮೋಟಾರ್ ಮತ್ತ ಸುಡ್ತದ, ಬಿಚ್ಚಿ ಮೊದಲಿಂದ ಮಾಡು ಅಂತ ಅಪ್ಪ, ಸಿಟ್ಟು ಮಾಡ್ತಿರ್ಲಿಲ್ಲ, ಬರೇ ಬಿಚ್ಚು ಅಂತಿದ್ದ. ಆಮ್ಯಾಲ ಮುಂಬೈದಾಗ ಲೇಸರ್ ಅಲೈನ್‌ಮೆಂಟ್ ಕಲಿಯುವಾಗ, ಹದಿನೆಂಟು ಕನ್ನಡಿ ದಾಟಿ ಬೀಮ್ ಕಡೀ ಪಿನ್‌ಹೋಲಿಗೆ ಬರ್ಲಿಲ್ಲ ಅಂದ್ರ ಮತ್ತ ಮೊದಲನೇ ಕನ್ನಡಿಗೇ ಹೋಗಬೇಕು, ಬಾಜೂದವರು ಬ್ಯಾಸರ ಆಗ್ತಿದ್ರು, ನನಗ ಅದು ರೂಢಿ ಇತ್ತು.

ಬುದ್ಧಿ ಕಡಿಮಿ ಇರೋದ್ರಿಂದ ನಮ್ ಹುಡುಗ್ರು ಹಿಂದ ಬಿದ್ದಿಲ್ಲ, ಹೊತ್ತಿಗಿ ಸರಿಯಾಗಿ ಹೇಳೋರು ಇಲ್ಲ. ಬಿಎಸ್ಸಿ ಕಡೀ ವರ್ಷ ಐಐಟಿಯೊಳಗ ಎಂಎಸ್ಸಿ ಸೇರಲಿಕ್ಕೆ ಜಾಮ್ ಅಂತ ಒಂದು ಪರೀಕ್ಷೆ ಇರ್ತದ ಅಂತ ನನಗ ಗೊತ್ತಾಗಿದ್ದು ಫಾರ್ಮ್ ಡೇಟ್ ಮುಗಿದು ಎರಡು ತಿಂಗಳಾದ ಮ್ಯಾಲ. ನಮ್ ಕಾಲೇಜಿನ ನೋಟಿಸ್ ಬೋರ್ಡಿನಾಗ ಫೀಸ್ ಡೇಟ್ ಬಿಟ್ರ ಬ್ಯಾರೆ ಏನೂ ಇರ್ತಿರ್ಲಿಲ್ಲ. ಆ ನೋವಿನಿಂದಾನೇ ಕೆಳಗಿನ ಉತ್ತರ ಇಷ್ಟು ಉದ್ದ ಬರ್ದೀನಿ.

ದಾರಿ ಹೇಳ್ರಿ, ಬಿಎಸ್ಸಿಯಿಂದ ಹಿಡಿದು.

ಪಿಯುಸಿ ಬೋರ್ಡಿನಾಗ ಮೇಲಿನ ಒಂದು ಪರ್ಸೆಂಟ್‌ದಾಗ ಬಂದು ಬಿಎಸ್ಸಿ ಸೇರಿದ್ರ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಅದ, ವರ್ಷಕ್ಕ 80,000, ಎಂಜಿನಿಯರಿಂಗ್ ಬಿಟ್ಟು ಬಂದ್ನಲ್ಲ ಅಂತ ಅಳೋ ಅಪ್ಪ ಅವ್ವನಿಗೆ ಇದನ್ನ ಮೊದಲು ಹೇಳ್ರಿ. ಬಿಎಸ್ಸಿ ಎರಡನೇ ವರ್ಷದಾಗ ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್ಪಿಗೆ ಅರ್ಜಿ ಹಾಕ್ರಿ, ದೀಪಾವಳಿ ಆಸುಪಾಸು ಫಾರ್ಮ್ ಇರ್ತದ, ಬ್ಯಾಸಿಗ್ಯಾಗ ಎರಡು ತಿಂಗಳು ದೊಡ್ಡ ಲ್ಯಾಬಿನಾಗ ಕೆಲಸ, ರೊಕ್ಕನೂ ಕೊಡ್ತಾರ. ನನ್ನ ಕೈಯಾಗ ಕಲ್ತ ಹುಡುಗ್ರೊಳಗ ಯಾರು ಮುಂದ ಹೋದ್ರೋ ಅವರಾಗ ಭಾಳ ಮಂದಿ ಈ ಬಾಗಿಲಿಂದಾನೇ ಹೋದವರು.

ಬಿಎಸ್ಸಿ ಕಡೀ ವರ್ಷ ಜಾಮ್. ಫಾರ್ಮ್ ಸೆಪ್ಟೆಂಬರ್ ಅಕ್ಟೋಬರ್‌ದಾಗ, ಪರೀಕ್ಷೆ ಫೆಬ್ರವರಿಯೊಳಗ, ಐಐಟಿ ಎಂಎಸ್ಸಿ ಸೀಟಿಗೆ. ಅದು ಸಿಗ್ಲಿಲ್ಲ ಅಂದ್ರ ದುಃಖ ಪಡಬ್ಯಾಡ್ರಿ, ಜ್ಞಾನಗಂಗಾ ಕ್ಯಾಂಪಸ್‌ದಾಗ ಗುಲ್ಬರ್ಗಾ ಯೂನಿವರ್ಸಿಟಿ ಅದ, ಕಡಗಂಚಿಯೊಳಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅದ, ಅಲ್ಲೇ ಎಂಎಸ್ಸಿ ಮಾಡಿ ಪಿಎಚ್‌ಡಿಗೆ ದೊಡ್ಡ ಜಾಗಕ್ಕ ಹೋಗಬಹುದು, ನಾನೂ ಹಂಗೇ ಹೋದಾಕಿ. ಅಹ್ಮದ್ ಜುವೈಲ್ ಅಂತ ಈಜಿಪ್ಟಿನವರು, ಅಲೆಕ್ಸಾಂಡ್ರಿಯಾ ಯೂನಿವರ್ಸಿಟಿಯೊಳಗ ಡಿಗ್ರಿ ಮಾಸ್ಟರ್ಸ್ ಮುಗಿಸಿ ಆಮ್ಯಾಲ ಅಮೆರಿಕಕ್ಕ ಹೋದ್ರು, ಫೆಮ್ಟೋಸೆಕೆಂಡ್ ಪಲ್ಸಿನಿಂದ ಅಣುಗಳ ಬಂಧ ಮುರಿಯೋದನ್ನ ನೋಡಿದ್ರು, 1999ರಾಗ ಕೆಮಿಸ್ಟ್ರಿ ನೊಬೆಲ್ ಅವರೊಬ್ಬರಿಗೇ ಬಂತು.

ಎಂಎಸ್ಸಿ ಎರಡನೇ ವರ್ಷದಾಗ ಪಿಎಚ್‌ಡಿ ಸೇರಲಿಕ್ಕೆ ಇರೋ ಎಲ್ಲಾ ಪರೀಕ್ಷೆ ಬರೀರಿ. ಸಿಎಸ್‌ಐಆರ್ ನೆಟ್ ವರ್ಷಕ್ಕ ಎರಡು ಸಲ, ಗೇಟ್ ಫೆಬ್ರವರಿ, ಜೆಸ್ಟ್ ಬ್ಯಾರೆ, ಟಿಐಎಫ್‌ಆರ್ ಅಂದ್ರ ಮುಂಬೈದಾಗಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅವರದು ಅವರದೇ ಪರೀಕ್ಷೆ. ಒಂದು ಬರ್ದು ಒಂದು ಬಿಡಬ್ಯಾಡ್ರಿ, ಆ ದಿನ ಜ್ವರ ಬಂದ್ರ ಒಂದು ವರ್ಷ ಹೋಗ್ತದ. ಇಂಟರ್‌ವ್ಯೂದಾಗ ಏನ್ ಕೇಳ್ತಾರ ಅಂದ್ರ ದೊಡ್ಡದೇನಿಲ್ಲ, ಲೆನ್ಸ್ ಮುಂದ ದೀಪ ಇಟ್ರ ಏನಾಗ್ತದ, ಪೆಂಡುಲಮ್ ಸಮೀಕರಣ ಬರಿ, ಗ್ರೇಟಿಂಗ್ ಬಣ್ಣ ಯಾಕ ಬೇರ್ಪಡಿಸ್ತದ. ಪಾಯ ಗಟ್ಟಿ ಇದ್ದವರು ಪಾಸ್.

ನಾ ಕನ್ನಡ ಮೀಡಿಯಂ. ಆಗ್ತದಾ?

ಆಗ್ತದ. ನಾನೂ ಹತ್ತನೇತ್ತ ತನಕ ಕನ್ನಡನೇ. ಪಿಯುಸಿಯೊಳಗ ಆರು ತಿಂಗಳು ಏನೂ ತಿಳೀಲಿಲ್ಲ, ಡಿಕ್ಷನರಿ ಇಟ್ಕೊಂಡು ಓದಿದೆ, ಆಮ್ಯಾಲ ಕೂಡಿ ಬಂತು. ನೆಟ್ ಪರೀಕ್ಷೆ ಕನ್ನಡದಾಗ ಇಲ್ಲ, ಇಂಗ್ಲಿಷ್ ಇಲ್ಲಾ ಹಿಂದಿ, ಅದನ್ನ ಮುಚ್ಚಿ ಹೇಳಂಗಿಲ್ಲ. ಪೇಪರ್ ಇಂಗ್ಲಿಷಿನಾಗೇ ಬರೀಬೇಕು. ಆದ್ರ ವಿಚಾರ ಮಾಡೋದು ನಿಮ್ಮ ಮಾತಿನ್ಯಾಗೇ ಮಾಡ್ರಿ, ನಾ ಇವತ್ತಿಗೂ ಲೆಕ್ಕ ಕನ್ನಡದಾಗೇ ಹಾಕ್ತೀನಿ, ಜರ್ಮನಿಯೊಳಗೂ ಹಾಕ್ತಿದ್ದೆ.

371ಜೆ ಸರ್ಟಿಫಿಕೇಟ್ ಇಲ್ಲಿ ಕೆಲಸಕ್ಕ ಬರ್ತದಾ?

ಅದು ನಮ್ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ ಸರ್ಟಿಫಿಕೇಟ್, ರಾಜ್ಯ ಸರ್ಕಾರದ ಸೀಟು, ನೌಕರಿಗೆ ಬರ್ತದ, ನಮ್ ಭಾಗದ ಡಿಗ್ರಿ ಕಾಲೇಜು, ರಾಜ್ಯ ಯೂನಿವರ್ಸಿಟಿ ಹುದ್ದೆಗೆ ಅದು ದೊಡ್ಡ ಆಸರ, ಮಾಡ್ಸಿ ಇಟ್ಕೋರಿ. ಐಐಟಿ, ಐಐಎಸ್ಸಿ, ಟಿಐಎಫ್‌ಆರ್ ಅಂಥ ಕೇಂದ್ರದ ಸಂಸ್ಥೆಗೆ ಅದು ನಡಿಯಂಗಿಲ್ಲ.

ಪಿಎಚ್‌ಡಿ ಎಷ್ಟು ವರ್ಷ, ದಿನಾ ಏನ್ ಮಾಡೋದು?

ಐದು ವರ್ಷ ಅನ್ರಿ, ಆರೂ ಆಗ್ತದ. ಮೊದಲನೇ ವರ್ಷ ಕೋರ್ಸ್ ವರ್ಕ್. ಆಮ್ಯಾಲ ಲ್ಯಾಬ್. ಮುಂಜಾನಿ ಹೋಗಿ ಲೇಸರ್ ತಂಪು ಇಡೋ ಚಿಲ್ಲರ್ ಚಾಲೂ ಮಾಡು, ಲೇಸರ್ ಹಚ್ಚು, ಅದು ಬಿಸಿಯಾಗಿ ಒಂದು ತಾಳಕ್ಕ ಬರ್ಲಿಕ್ಕೆ ತಾಸು ಎರಡು ತಾಸು, ಮೋಡ್‌ಲಾಕ್ ಆಗ್ಯದೋ ಇಲ್ಲೋ ಸ್ಪೆಕ್ಟ್ರಮ್ ನೋಡು, ಪಲ್ಸ್ ಉದ್ದ ಅಳಿ, ಬೀಮ್ ನಿನ್ನಿ ಜಾಗದಾಗೇ ಅದನ ನೋಡು, ಇಷ್ಟರಾಗ ಊಟದ ಹೊತ್ತಾಗ್ತದ. ಪಂಪ್ ಪ್ರೋಬ್ ಎರಡೂ ಸ್ಯಾಂಪಲ್ ಮ್ಯಾಲ ಒಂದೇ ಚುಕ್ಕಿಗೆ, ಒಂದೇ ಹೊತ್ತಿಗೆ ಬೀಳ್ಬೇಕು, ಆ ಒಂದೇ ಹೊತ್ತಿಗೆ ಟೈಮ್ ಝೀರೋ ಅಂತೀವಿ, ಅದನ್ನ ಹುಡುಕಲಿಕ್ಕೆ ನನಗ ಮೊದಲ ಸಲ ಹನ್ನೊಂದು ದಿನ ಹಿಡೀತು. ಖರೇ ಡೇಟಾ ಸಿಗೋದು ರಾತ್ರಿ, ಯಾಕಂದ್ರ ಆವಾಗ ಕಟ್ಟಡದಾಗ ಯಾರೂ ಬಾಗಿಲು ಬಡಿಯಂಗಿಲ್ಲ, ಲಿಫ್ಟ್ ಓಡಂಗಿಲ್ಲ.

ಒಂದು ಗಾಜಿನ ತುಂಡು ದಾರ್ಯಾಗ ಬಂದ್ರೂ ಪಲ್ಸ್ ಉದ್ದ ಆಗ್ತದ, ಗಾಣಗಾಪುರಕ್ಕ ಪಾದಯಾತ್ರಿ ಹೊಂಟವರು ಊರ ಅಗಸಿಯಿಂದ ಎಲ್ಲರೂ ಕೂಡೇ ಹೊಂಡ್ತಾರ, ದಾರಿ ಸಾಗಿದಂಗ ಹರೇದವರು ಮುಂದ ವಯಸ್ಸಾದವರು ಹಿಂದ ಆಗಿ ಗುಂಪು ಉದ್ದ ಆಗ್ತದಲ್ಲ, ಗಾಜಿನೊಳಗ ಕೆಂಪು ಮುಂದ ನೀಲಿ ಹಿಂದ ಹಂಗ ಆಗ್ತದ. ಅದನ್ನ ಮತ್ತ ಕೂಡ್ಸಲಿಕ್ಕೆ ಪ್ರಿಸಂ, ಗ್ರೇಟಿಂಗ್ ಜೋಡ್ಸಬೇಕು. ನಿಮ್ಮ ಪಿಎಚ್‌ಡಿಯೊಳಗ ಅರ್ಧ ಹೊತ್ತು ಈ ಗುಂಪು ಕೂಡ್ಸೋದ್ರಾಗೇ ಹೋಗ್ತದ.

ಫೇಲ್ ಆದ್ರ?

ಆಗ್ತದ, ಎಲ್ಲರಿಗೂ. ಮೂರನೇ ವರ್ಷ ನನಗ ಭಾಳ ಚಂದನ ಒಂದು ಸಿಗ್ನಲ್ ಸಿಕ್ಕಿತ್ತು, ಟೈಮ್ ಝೀರೋ ಹತ್ರ ಚೂಪನ ಒಂದು ಮುಳ್ಳು. ಎಂಟು ತಿಂಗಳು ಅದರ ಬೆನ್ನ ಹತ್ತಿದೆ, ಥಿಯರಿ ಬರ್ದೆ, ಪೇಪರ್ ಅರ್ಧ ಆಯ್ತು. ಒಂದಿನ ರಾತ್ರಿ ಸುಮ್ಮನ ಸ್ಯಾಂಪಲ್ ತೆಗೆದು ಖಾಲಿ ಗಾಜು ಇಟ್ಟು ನೋಡಿದ್ರ ಅದೇ ಮುಳ್ಳು ಬಂತು. ಎರಡು ಪಲ್ಸ್ ಒಂದರ ಮ್ಯಾಲ ಒಂದು ಬಿದ್ದಾಗ ಯಾವ ಗಾಜಿನಾಗೂ ಬರೋ ಸಿಗ್ನಲ್ ಅದು, ನನ್ನ ಸ್ಯಾಂಪಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಅವತ್ತು ಮೆಟ್ಟಿಲ ಮ್ಯಾಲ ಕೂತು ಅತ್ತೆ. ಗೈಡ್ ಮುಂಜಾನಿ ಬಂದು ಕೇಳಿ, ಪೇಪರ್ ಆಗೋದ್ರೊಳಗ ನೀನೇ ಹಿಡಿದಿ, ಒಳ್ಳೇದಾಯ್ತು ಅಂದ್ರು, ಅಷ್ಟೇ. ಈಗ ನನ್ನ ಲ್ಯಾಬಿನಾಗ ಮೊದಲನೇ ನಿಯಮ ಅದೇ, ಯಾವ ಸ್ಯಾಂಪಲ್ ಇಡೋದಕ್ಕೂ ಮೊದಲು ಖಾಲಿ ಗಾಜು ಇಡು.

ರೊಕ್ಕ ಎಷ್ಟು ಬರ್ತದ?

ಪಿಎಚ್‌ಡಿ ಮಾಡೋರಿಗೆ ಮೊದಲು ಸಿಗೋ ಫೆಲೋಶಿಪ್ ಜೆಆರ್‌ಎಫ್, ತಿಂಗಳಿಗೆ 37,000, ಎರಡು ವರ್ಷ ಆದ ಮ್ಯಾಲ ಎಸ್‌ಆರ್‌ಎಫ್ 42,000, ಹಾಸ್ಟೆಲ್ ಸಿಗ್ಲಿಲ್ಲ ಅಂದ್ರ ಮನಿ ಬಾಡಿಗಿ ಭತ್ಯೆ ಬ್ಯಾರೆ. 2023ರ ಜನವರಿಯಿಂದ ಇದು. ಆದ್ರ ತಿಂಗಳಾ ತಿಂಗಳಾ ಬರ್ತದ ಅಂತ ನಂಬಿ ಸಾಲ ತಗೋಬ್ಯಾಡ್ರಿ, ನನಗ ಒಮ್ಮೆ ಐದು ತಿಂಗಳು ಬರ್ಲಿಲ್ಲ, ಮೆಸ್ ಬಿಲ್ ಗೆಳತಿ ಕಟ್ಟಿದ್ಲು. ಮುಂದ ಅಸಿಸ್ಟೆಂಟ್ ಪ್ರೊಫೆಸರ್ ಆದ್ರ ಕೇಂದ್ರೀಯ ಯೂನಿವರ್ಸಿಟಿಯೊಳಗ ಮೂಲ ಪಗಾರ 57,700ರಿಂದ ಶುರು, ಐಐಟಿಯೊಳಗ ಗ್ರೇಡ್ ಒಂದಕ್ಕ 1,01,500, ಡಿಎ ಅದರ ಮ್ಯಾಲ. ನಿಮ್ಮ ಸಂಗಾಟ ಎಂಜಿನಿಯರಿಂಗ್ ಮಾಡಿದವರು ಮೊದಲಿನ ಹತ್ತು ವರ್ಷ ನಿಮಗಿಂತ ಭಾಳ ಮುಂದ ಇರ್ತಾರ, ಅದನ್ನ ಮನ್ಯಾಗ ಮೊದಲೇ ಕೂತು ಮಾತಾಡ್ರಿ. ಅಪ್ಪನ ಮ್ಯಾಲ ಸಾಲ ಇದ್ರ, ತಂಗಿ ಮದುವಿ ಇದ್ರ, ನಡುವ ಎರಡು ವರ್ಷ ನೌಕರಿ ಮಾಡಿ ಆಮ್ಯಾಲ ಬಂದ್ರೂ ತಪ್ಪಿಲ್ಲ, ಬಂದವರನ್ನ ನೋಡೀನಿ.

ಪೋಸ್ಟ್‌ಡಾಕಿಗೆ ಫಾರಿನ್‌ಗೆ ಹೋಗಲೇಬೇಕಾ?

ಹೋಗಲೇಬೇಕು ಅಂತ ಎಲ್ಲೂ ಬರ್ದಿಲ್ಲ, ಆದ್ರ ಸೆಲೆಕ್ಷನ್ ಕಮಿಟಿ ಕೇಳ್ತದ. ನನ್ನ ಅನುಭವದಾಗ ಹೋಗೋದು ಒಳ್ಳೇದು, ಅಲ್ಲಿ ಲೇಸರ್ ಕೆಟ್ರ ಕಂಪನಿಯವರು ಎರಡು ದಿನಕ್ಕ ಬರ್ತಾರ, ಇಲ್ಲಿ ಬಿಡಿಭಾಗಕ್ಕ ತಿಂಗಳುಗಟ್ಟಲೆ ಕಾಯಬೇಕು, ಅಲ್ಲಿ ಹಿಂಗ ಉಳಿದ ಹೊತ್ತಿನ್ಯಾಗ ಭಾಳ ಕಲಿಯಬಹುದು. ಹಂಗೇರಿಯ ಸೆಗೆಡ್‌ದಾಗ ಆಟೋಸೆಕೆಂಡ್ (ಫೆಮ್ಟೋಸೆಕೆಂಡಿನ ಸಾವಿರದಾಗ ಒಂದು ಪಾಲು) ಪಲ್ಸಿಗಂತಾನೇ ದೊಡ್ಡ ಕೇಂದ್ರ ಅದ, ಎಲ್ಲಾ ದೇಶದವರೂ ಅರ್ಜಿ ಹಾಕಿ ಹೋಗಿ ಪ್ರಯೋಗ ಮಾಡಿ ಬರಬಹುದು.

ನಮ್ ದೇಶದಾಗ ಇಂಥಾ ಲ್ಯಾಬ್ ಎಲ್ಲೆಲ್ಲಿ ಅದಾವ?

ಮುಂಬೈ ಟಿಐಎಫ್‌ಆರ್, ನಮಗ ಸಮೀಪ ಹೈದರಾಬಾದ್ ಯೂನಿವರ್ಸಿಟಿ, ಬೆಂಗಳೂರಿನಾಗ ಐಐಎಸ್ಸಿ, ರಾಮನ್ ಸಂಶೋಧನಾ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್), ಐಐಟಿ, ಐಸರ್‌ಗಳು. ಇಂದೋರಿನ ಆರ್‌ಆರ್‌ಕ್ಯಾಟ್ ಲೇಸರ್, ಕಣ ವೇಗವರ್ಧಕ ಎರಡಕ್ಕಂತಾನೇ ಕಟ್ಟಿದ ಕೇಂದ್ರ, ಅದಕ್ಕ ನಮ್ ತುಮಕೂರಿನ ರಾಜಾ ರಾಮಣ್ಣ ಅವರ ಹೆಸರು ಇಟ್ಟಾರ. ಹುಸೇನ್‌ಸಾಗರ ಎಕ್ಸ್‌ಪ್ರೆಸ್ ಸಂಜಿ ಕಲಬುರಗಿಯೊಳಗ ಹತ್ತಿದ್ರ ನಸುಕಿನ್ಯಾಗ ಮುಂಬೈ, ನಾ ಆರು ವರ್ಷ ಅದರಾಗೇ ಓಡಾಡೀನಿ, ಅವ್ವ ಕಟ್ಟಿದ ಸಜ್ಜಿ ರೊಟ್ಟಿ ಶೇಂಗಾ ಹಿಂಡಿ ಹಾಸ್ಟೆಲಿನ್ಯಾಗ ಒಂದು ವಾರ ಬರ್ತಿತ್ತು.

ಕಲಬುರಗಿ ಬಿಸಿಲಿನಾಗ ಇಂಥಾ ಲ್ಯಾಬ್ ನಡೀತದಾ?

ಎಲ್ಲರೂ ಇದನ್ನೇ ಹೇಳಿದ್ರು ನಾ ತಿರುಗಿ ಬರ್ತೀನಿ ಅಂದಾಗ. ಲೆಕ್ಕ ಹಾಕಿ ನೋಡ್ರಿ. ಲೇಸರ್ ಇಡೋ ಟೇಬಲ್ ಉಕ್ಕಿಂದು, ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಗಿ 12 ಮೈಕ್ರಾನ್ ಹಿಗ್ತದ, ಬೆಳಕಿಗೆ 12 ಮೈಕ್ರಾನ್ ಅಂದ್ರ 40 ಫೆಮ್ಟೋಸೆಕೆಂಡ್, ನಮ್ಮ ಪಲ್ಸೇ 30. ಅಂದ್ರ ಒಂದು ಡಿಗ್ರಿ ಹೆಚ್ಚು ಕಡಿಮಿ ಆದ್ರ ಇಡೀ ಪಲ್ಸಿಗಿಂತ ಹೆಚ್ಚಿಗಿ ಜಾಗ ತಪ್ತದ. ಮೇ ತಿಂಗಳ ಹೊರಗ 43 ಡಿಗ್ರಿ, ಒಳಗ 22ರ ಮ್ಯಾಲ ಅರ್ಧ ಡಿಗ್ರಿನೂ ಅಲುಗಬಾರ್ದು.

ನಾವೇನು ಮಾಡಿದ್ವಿ ಅಂದ್ರ ಮೊದಲು ಜಾಗ ಆರಿಸಿದ್ವಿ, ನೆಲಮಹಡಿ, ಪಡುವಣ ಗ್ವಾಡಿ ಇಲ್ಲದ ನಡುವಿನ ಖೋಲಿ, ಕಿಟಕಿ ಇಟ್ಟಂಗಿ ಕಟ್ಟಿ ಮುಚ್ಚಿದ್ವಿ. ಖೋಲಿ ಒಳಗ ಇನ್ನೊಂದು ಖೋಲಿ, ನಡುವ ಚಪ್ಪಲಿ ಬಿಡೋ ಜಾಗ. ಎರಡು ಏಸಿ ಪಾಳಿ ಪ್ರಕಾರ, ಎರಡೂ ಬೀಮಿಗೆ ನೇರ ಗಾಳಿ ಬಡಿಯದಂಗ. ಕರೆಂಟ್ ಹೋದ್ರ ಯುಪಿಎಸ್ ಲೇಸರನ್ನ ಹಿಡಿತದ ಆದ್ರ ಏಸಿಯನ್ನ ಹಿಡಿಯಂಗಿಲ್ಲ, ಅದಕ್ಕ ಜನರೇಟರ್ ಲೈನ್ ಕೇಳಿ ಕೇಳಿ ಎರಡು ವರ್ಷಕ್ಕ ಹಾಕಿಸ್ಕೊಂಡ್ವಿ. ಧೂಳು ದೊಡ್ಡ ವೈರಿ. ಫರಸಿ ಕಲ್ಲಿನ ನಾಡು ನಮ್ಮದು, ಬ್ಯಾಸಿಗಿ ಗಾಳಿ ಬಿಟ್ರ ಸಣ್ಣ ಬಿಳಿ ಪುಡಿ ಎಲ್ಲಾ ಕಡೆ, ಒಂದು ಕಣ ಕನ್ನಡಿ ಮ್ಯಾಲ ಕೂತ್ರ ಪಲ್ಸ್ ಅದನ್ನ ಸುಟ್ಟು ಕನ್ನಡಿಗೆ ಕಲಿ ಮಾಡ್ತದ, ಆ ಕನ್ನಡಿ ಮುಗೀತು. ಈಗ ನಾವು ಆಸಿಲೇಟರ್ (ಪಲ್ಸ್ ಹುಟ್ಟೋ ಭಾಗ) ಫೈಬರ್‌ದು ತಗೊಂಡೀವಿ, ಬೆಳಕು ಪೂರಾ ಗಾಜಿನ ಎಳ್ಯಾಗೇ ಓಡ್ತದ, ಧೂಳಿನ ಕಾಟ ಕಡಿಮಿ. ದೊಡ್ಡ ಶಕ್ತಿ ಬೇಕಂದ್ರ ಹೈದರಾಬಾದಿಗೆ ಹೋಗ್ತೀವಿ. ನಡೀತದ ಅಂತ ಎದಿ ತಟ್ಟಿ ಹೇಳ್ತೀನಿ, ಹೋದ ವರ್ಷ ಏಪ್ರಿಲ್ ಬಿಸಿಲಿನಾಗೇ ಮೂರು ವಾರ ಬಿಡದೇ ಡೇಟಾ ತಗೊಂಡೀವಿ.

ಹೆಣ್ಣುಮಕ್ಕಳಿಗೆ ಇದು ಸರಿ ಹೋಗ್ತದಾ? ಮದುವಿ?

ಈ ಪ್ರಶ್ನೆ ಹುಡುಗ್ಯಾರಿಗಿಂತ ಹೆಚ್ಚು ಅವರ ಕಾಕಾ, ಮಾಮಾ ಕೇಳ್ತಾರ. 2023ರ ನೊಬೆಲ್ ಆಟೋಸೆಕೆಂಡ್ ಪಲ್ಸಿಗೆ ಬಂತು, ಪಿಯರ್ ಆಗೊಸ್ಟಿನಿ, ಫೆರೆಂಟ್ಸ್ ಕ್ರೌಸ್, ಆನ್ ಲುಯಿಲಿಯೆ ಮೂವರಿಗೆ. ಆನ್ ಲುಯಿಲಿಯೆ ಅವರು 1987ರಾಗ ಗ್ಯಾಸಿನ ಮ್ಯಾಲ ಲೇಸರ್ ಬಿಟ್ಟು ನೋಡಿದ್ದೇ ಇದರ ಬೇರು. ನೊಬೆಲ್ ಫೋನ್ ಬಂದಾಗ ಸ್ವೀಡನ್ನಿನ ಲುಂಡ್‌ದಾಗ ಕ್ಲಾಸ್ ತಗೊಳ್ಳಲತ್ತಿದ್ರು, ವಿಷಯ ಕೇಳಿ ತಿರುಗಿ ಹೋಗಿ ಉಳಿದ ಪಾಠ ಮುಗಿಸಿದ್ರು. ಸ್ಟ್ರಿಕ್‌ಲ್ಯಾಂಡ್ ಅವರೂ ಇದೇ ಕ್ಷೇತ್ರ. ಫಿಸಿಕ್ಸ್ ನೊಬೆಲ್ 2023ರ ತನಕ ಐದೇ ಮಂದಿ ಹೆಣ್ಣುಮಕ್ಕಳಿಗೆ ಬಂದದ, ಅದರಾಗ ಇಬ್ಬರು ಈ ಲೇಸರ್‌ದವರು.

ನನ್ನ ಮದುವಿ ಪಿಎಚ್‌ಡಿ ನಾಲ್ಕನೇ ವರ್ಷ ಆಯ್ತು, ಮೊದಲೇ ಹೇಳಿದ್ದೆ ರಾತ್ರಿ ಲ್ಯಾಬ್ ಇರ್ತದ ಅಂತ, ಒಪ್ಪಿದವರನ್ನೇ ಆದೆ. ಅತ್ತಿಯವರು ಒಮ್ಮೆ ಲ್ಯಾಬಿಗೆ ಬಂದು ಕತ್ತಲ್ಯಾಗ ಹಸಿರು ಬೆಳಕು ನೋಡಿ, ಇದನ್ನ ನೀ ಒಬ್ಬಾಕಿ ಹಚ್ತಿ ಏನವ್ವಾ ಅಂದ್ರು. ಅವತ್ತಿಂದ ಮನ್ಯಾಗ ಯಾರೂ ಏನೂ ಕೇಳಿಲ್ಲ.

ಕಣ್ಣಿಗೆ ಅಪಾಯ ಅದನು?

ಅದ, ಇದರಾಗ ಹಗುರ ಮಾತಿಲ್ಲ. ನಮ್ಮ ಬೆಳಕು 800 ನ್ಯಾನೋಮೀಟರ್, ಕಣ್ಣಿಗೆ ಮಬ್ಬು ಕೆಂಪು ಕಂಡಂಗ ಕಾಣ್ತದ ಇಲ್ಲಾ ಕಾಣೋದೇ ಇಲ್ಲ, ಕಾಣದಿದ್ರ ರೆಪ್ಪಿ ಮುಚ್ಚಂಗಿಲ್ಲ, ಕಣ್ಣಿನ ಲೆನ್ಸ್ ಅದನ್ನ ಪರದೆ ಮ್ಯಾಲ ಚುಕ್ಕಿ ಮಾಡಿ ಸುಡ್ತದ, ಅದು ತಿರುಗಿ ಬರಂಗಿಲ್ಲ. ಗಾಗಲ್ಸ್ ಇಲ್ಲದೇ ಒಳಗ ಬರಬ್ಯಾಡ್ರಿ. ಕೆಳಗ ಬಿದ್ದದ್ದು ಎತ್ಲಿಕ್ಕೆ ಬಗ್ಗುವಾಗ ಬೀಮ್ ಎತ್ತರಕ್ಕ ಕಣ್ಣು ಬರ್ತಾವ, ಕಣ್ಣು ಮುಚ್ಕೊಂಡು ಬಗ್ರಿ.

ನಿಮ್ಮ ಲ್ಯಾಬ್ ನೋಡ್ಲಿಕ್ಕೆ ಬರಬಹುದಾ?

ಬರ್ರಿ. ಶನಿವಾರ ಮಧ್ಯಾಹ್ನ ಒಳ್ಳೇದು, ಮೊದಲು ಮಾಸ್ತರ ಕಡಿಂದ ಒಂದು ಮೆಸೇಜ್ ಹಾಕ್ಸಿರಿ, ಒಮ್ಮೆಗೆ ಆರು ಮಂದಿಗಿಂತ ಹೆಚ್ಚು ಬ್ಯಾಡ. ವಾಚ್, ಉಂಗುರ, ಬಳಿ ತೆಗೆದು ಬ್ಯಾಗಿನಾಗ ಇಡ್ರಿ, ಬೀಮ್ ಬಡಿದು ಯಾರ ಕಣ್ಣಿಗರ ಹಾರ್ತದ. ತಾಳಿ ತೆಗಿಯೋದು ಬ್ಯಾಡ, ಕುಪ್ಪಸದ ಒಳಗ ಸೇರ್ಸಿ ಪಿನ್ ಹಚ್ರಿ. ಬಾಗಿಲ ಮ್ಯಾಲ ಕೆಂಪು ಲೈಟ್ ಹತ್ತಿದ್ರ ತಳ್ಳಿ ಒಳಗ ಬರಬ್ಯಾಡ್ರಿ, ಬೆಲ್ ಒತ್ತಿ ನಿಂದ್ರಿ, ನಾ ಬೀಮ್ ಮುಚ್ಚಿ ಬಂದು ತೆಗಿತೀನಿ.